ಕಸಾರಾ ಘಾಟಿನ ಆಚೆಯ ಟೇಸ್ಟಿಂಗ್ ರೂಮ್‌ಗಳು

ಮುಂಬಯಿಯವರು: ವೈನರಿಯ ಟೇಸ್ಟಿಂಗ್ ರೂಮ್ ಎಂದರೆ ವೈನ್ ತಯಾರಾಗುವ ಜಾಗದಲ್ಲೇ ಅದರ ರುಚಿ ತೋರಿಸುವ ಕೋಣೆ. ಅದು ಬಾರ್ ಅಲ್ಲ, ಪೂರ್ತಿ ಅಂಗಡಿಯೂ ಅಲ್ಲ. ಶುಲ್ಕ ಕೊಟ್ಟು ಬಂದವರಿಗೆ ವೈನರಿಯ ಸಿಬ್ಬಂದಿ ಮೊದಲು ಟ್ಯಾಂಕು, ಪೀಪಾಯಿಗಳನ್ನು ತೋರಿಸುತ್ತಾರೆ. ಆಮೇಲೆ ಐದಾರು ಬಗೆಯ ವೈನನ್ನು ಒಂದೆರಡು ಗುಟುಕಿನಂತೆ ಸುರಿಯುತ್ತಾ ಯಾವುದು ಏನು ಎಂದು ಹೇಳಿಕೊಡುತ್ತಾರೆ. ಮುಂಬಯಿ ಮತ್ತು ಉಪನಗರಗಳವರಿಗೆ ಇಂಥ ಕೋಣೆಗಳ ಊರೆಂದರೆ ನಾಸಿಕ್. ಸುಮಾರು 170 ಕಿಲೋಮೀಟರ್.

ವಿಜಯಪುರದವರು: ಗಿರಾಕಿಗಳೆಲ್ಲ ಮುಂಬಯಿಯಲ್ಲಿ, ವೈನರಿ ಮಾತ್ರ ಘಾಟಿನ ಮೇಲೆ. ಇದಕ್ಕೆ ಕಾರಣ ಬಳ್ಳಿ. ಮುಂಬಯಿ ಸಮುದ್ರದ ಮಟ್ಟದಲ್ಲಿದೆ. ವರ್ಷಕ್ಕೆ 2,000 ಮಿಲಿಮೀಟರಿಗೂ ಹೆಚ್ಚು ಮಳೆ, ರಾತ್ರಿಯೂ ಇಳಿಯದ ಸೆಕೆ, ಗಾಳಿಯಲ್ಲಿ ತೇವ. ಅಲ್ಲಿ ದ್ರಾಕ್ಷಿ ಹಾಕಿದರೆ ಹಣ್ಣಿಗಿಂತ ಮೊದಲು ಬೂಷ್ಟು ಬಂದೀತು. ನಾಸಿಕ್ ಸುಮಾರು 600 ಮೀಟರ್ ಎತ್ತರದಲ್ಲಿದೆ. ಚಳಿಗಾಲದ ರಾತ್ರಿ ಉಷ್ಣತೆ 10 ಡಿಗ್ರಿಗಿಂತ ಕೆಳಗೆ ಇಳಿಯುವುದುಂಟು, ಹಗಲು ಒಳ್ಳೆಯ ಬಿಸಿಲು. ಹಗಲಿನ ಬಿಸಿಲು ಹಣ್ಣಿಗೆ ಸಕ್ಕರೆ ತುಂಬುತ್ತದೆ, ರಾತ್ರಿಯ ತಂಪು ಹುಳಿಯನ್ನು ಉಳಿಸುತ್ತದೆ. ಹುಳಿ ಸತ್ತ ದ್ರಾಕ್ಷಿಯಿಂದ ಮಾಡಿದ ವೈನ್ ಸಪ್ಪೆ.

ಮುಂಬಯಿಯವರು: ಮಳೆಯ ಲೆಕ್ಕ ಆ ಘಾಟಿನಲ್ಲೇ ಬದಲಾಗುತ್ತದೆ. ನೆತ್ತಿಯ ಮೇಲಿನ ಇಗತ್ಪುರಿಯಲ್ಲಿ ಧಾರಾಕಾರ ಸುರಿಯುವ ಮೋಡ ಪೂರ್ವಕ್ಕೆ ಸರಿದಂತೆ ಬರಿದಾಗುತ್ತದೆ. ನಾಸಿಕ್ ನಗರದ ಮಳೆ ಮುಂಬಯಿಯ ಅರ್ಧಕ್ಕಿಂತ ಕಡಿಮೆ.

ವಿಜಯಪುರದವರು: ವೈನ್ ಬರುವ ಮೊದಲೇ ಅದು ದ್ರಾಕ್ಷಿ ಸೀಮೆಯಾಗಿತ್ತು ಎಂಬುದನ್ನು ಮರೆಯಬಾರದು. ಥಾಮ್ಸನ್ ಸೀಡ್‌ಲೆಸ್‌ನಂಥ ತಿನ್ನುವ ದ್ರಾಕ್ಷಿ, ಹನಿ ನೀರಾವರಿ, ಚಪ್ಪರ ಕಟ್ಟುವ ಕೆಲಸಗಾರರು ಎಲ್ಲವೂ ಇದ್ದವು. ವಿಜಯಪುರ ಜಿಲ್ಲೆಯದೂ ಹೆಚ್ಚು ಕಡಿಮೆ ಇದೇ ಕಥೆ. ಆದರೆ ತಿಕೋಟಾ, ಬಬಲೇಶ್ವರದ ಕಡೆ ಹಣ್ಣು ಶೆಡ್ಡಿನ ಬಲೆಗಳ ಮೇಲೆ ಎರಡು ವಾರ ಒಣಗಿ ಒಣದ್ರಾಕ್ಷಿಯಾಗುತ್ತದೆ. ನಾಸಿಕದ ಒಂದು ಪಾಲು ಬಾಟಲಿಗೆ ಹೋಯಿತು. ಆ ಹಾದಿ ಹಿಡಿಸಿದವರು ಯಾರು?

ಮುಂಬಯಿಯವರು: ಮಹಾರಾಷ್ಟ್ರದಲ್ಲಿ ಮೊದಲು ದೊಡ್ಡದಾಗಿ ಕೈಹಾಕಿದ್ದು ಪುಣೆ ಜಿಲ್ಲೆಯ ನಾರಾಯಣಗಾಂವ್‌ನಲ್ಲಿ. 1980ರ ದಶಕದಲ್ಲಿ ಶಾಮರಾವ್ ಚೌಗುಲೆ ಅವರ ಇಂಡೇಜ್ ಕಂಪನಿ ಫ್ರಾನ್ಸಿನ ತಂತ್ರಜ್ಞಾನ ತರಿಸಿ ನೊರೆಗುಳ್ಳೆಯ ವೈನ್ ಮಾಡಿತು. ಅದೇ ದಶಕದ ಕೊನೆಗೆ, 1988ರಲ್ಲಿ, ಕನ್ವಲ್ ಗ್ರೋವರ್ ನಂದಿ ಬೆಟ್ಟದ ಬುಡದ ದೊಡ್ಡಬಳ್ಳಾಪುರದಲ್ಲಿ ಫ್ರೆಂಚ್ ತಳಿಗಳ ತೋಟ ಕಟ್ಟಿದರು. ನಾಸಿಕದ ಸರದಿ ಬಂದದ್ದು 1990ರ ದಶಕದಲ್ಲಿ. ಸ್ಟ್ಯಾನ್‌ಫರ್ಡ್‌ನಲ್ಲಿ ಓದಿ, ಕ್ಯಾಲಿಫೋರ್ನಿಯಾದ ಒರಾಕಲ್ ಕಂಪನಿಯಲ್ಲಿ ದುಡಿದು ಬಂದ ರಾಜೀವ್ ಸಾಮಂತ್, ಗಂಗಾಪುರ ಅಣೆಕಟ್ಟಿನ ಹತ್ತಿರ ಮನೆತನದ ಜಮೀನಿನಲ್ಲಿ ಮಾವು, ತಿನ್ನುವ ದ್ರಾಕ್ಷಿ ಎಲ್ಲ ಪ್ರಯತ್ನಿಸಿ 1997ರಲ್ಲಿ ಸುವಿನ್ಯೋನ್ ಬ್ಲಾಂಕ್, ಶನಿನ್ ಬ್ಲಾಂಕ್ ತಳಿಗಳನ್ನು ನೆಟ್ಟರು. 2000ದಲ್ಲಿ ಮೊದಲ ಬಾಟಲಿಗಳು ಹೊರಬಂದವು. ತಾಯಿ ಸುಲಭಾ ಅವರ ಹೆಸರಿನಿಂದ ಕಂಪನಿ ‘ಸುಲಾ’ ಆಯಿತು. 2001ರಲ್ಲಿ ಮಹಾರಾಷ್ಟ್ರ ಸರ್ಕಾರ ದ್ರಾಕ್ಷಿ ಸಂಸ್ಕರಣಾ ನೀತಿ ತಂದು ವೈನಿನ ಮೇಲಿನ ಅಬಕಾರಿ ಸುಂಕಕ್ಕೆ ವಿನಾಯಿತಿ ಕೊಟ್ಟಿತು. ನಾಸಿಕದ ವಿಂಚೂರಿನಲ್ಲಿ, ಸಾಂಗ್ಲಿ ಜಿಲ್ಲೆಯ ಪಲೂಸಿನಲ್ಲಿ ವೈನ್ ಪಾರ್ಕುಗಳು ಎದ್ದವು. ಕರ್ನಾಟಕ ಇಂಥದೇ ನೀತಿ ತಂದದ್ದು 2007ರಲ್ಲಿ.

ವಿಜಯಪುರದವರು: ಆರು ವರ್ಷ ತಡ. ದ್ರಾಕ್ಷಿಯಲ್ಲಿ ಆರು ವರ್ಷವೆಂದರೆ ಬಳ್ಳಿ ನೆಟ್ಟು, ಮೂರನೆಯ ವರ್ಷ ಫಸಲು ನೋಡಿ, ಇನ್ನೂ ಮೂರು ಕೊಯ್ಲು ಮುಗಿಸುವಷ್ಟು ಕಾಲ. ಇರಲಿ. ವೈನ್ ಮಾಡಿದವರು ಲಾರಿಗೆ ಹೇರಿ ಅಂಗಡಿಗೆ ಕಳಿಸಬೇಕು. ಜನರನ್ನೇ ತೋಟಕ್ಕೆ ಕರೆಸುವ ಉಪಾಯ ಯಾಕೆ ಬೇಕಾಯಿತು?

ಮುಂಬಯಿಯವರು: ಇಡೀ ವಿಷಯದ ಗಂಟು ಇರುವುದು ಅಲ್ಲೇ. ನಮ್ಮ ದೇಶದಲ್ಲಿ ಟಿ.ವಿ.ಯಲ್ಲಿ ಮದ್ಯದ ಜಾಹೀರಾತು ನಿಷಿದ್ಧ. ವಿಸ್ಕಿ ಕಂಪನಿಗಳು ಅದೇ ಹೆಸರಿನ ಸೋಡಾ, ಗ್ಲಾಸು ತೋರಿಸಿ ದಾಟಿಕೊಳ್ಳುತ್ತವೆ. ವಿಸ್ಕಿ ಏನೆಂದು ಗಿರಾಕಿಗೆ ಮೊದಲೇ ಗೊತ್ತು, ಹೆಸರು ಕಂಡರೆ ಸಾಕು. ವೈನಿನ ಸ್ಥಿತಿ ಹಾಗಲ್ಲ. ಮುಂಬಯಿಯ ಬಹುಪಾಲು ಮನೆಗಳು ಬಲ್ಲ ವೈನ್ ಎಂದರೆ ಗೋವಾದಿಂದ ತಂದ ಸಿಹಿ ಪೋರ್ಟ್. ಇಲ್ಲವೇ ಬಾಂದ್ರಾ, ವಸಯಿಯ ಈಸ್ಟ್ ಇಂಡಿಯನ್ ಕುಟುಂಬಗಳೂ ಮಂಗಳೂರಿನ ಕಥೋಲಿಕ ಕುಟುಂಬಗಳೂ ಕ್ರಿಸ್‌ಮಸ್ಸಿಗೆ ಭರಣಿಯಲ್ಲಿ ಹುದುಗಿಸುವ ಮನೆ ವೈನು. ಅದೂ ಸಿಹಿಯೇ. ಈ ನಾಲಿಗೆಗೆ ಸಕ್ಕರೆಯಿಲ್ಲದ, ಹುಳಿ ಒಗರಿನ ವೈನ್ ಕೊಟ್ಟರೆ ಮುಖ ಕಿವುಚುತ್ತದೆ. ಯಾಕೆ ಹೀಗಿದೆ, ಯಾವುದರ ಜೊತೆ ಕುಡಿಯಬೇಕು ಎಂದು ಯಾರಾದರೂ ಕೂರಿಸಿ ಹೇಳಬೇಕು. 2005ರಲ್ಲಿ ಸುಲಾ ತೆರೆದ ಟೇಸ್ಟಿಂಗ್ ರೂಮ್, ಭಾರತದ ವೈನರಿಗಳಲ್ಲಿ ಮೊದಲನೆಯದು, ಮಾಡಿದ್ದು ಈ ಕೆಲಸ. ಜಾಹೀರಾತಿಗೆ ಜಾಗವಿಲ್ಲದ ಕಡೆ ಪಾಠಶಾಲೆಯೇ ಜಾಹೀರಾತಾಯಿತು.

ವಿಜಯಪುರದವರು: ಶುಲ್ಕ ಕೊಟ್ಟು ಜಾಹೀರಾತು ನೋಡುವ ಜನ!

ಮುಂಬಯಿಯವರು: ಲಾಭದ ಲೆಕ್ಕವೂ ಇದೆ. ಬಾಗಿಲಲ್ಲೇ ಮಾರಿದ ಬಾಟಲಿಗೆ ವಿತರಕನ ಪಾಲಿಲ್ಲ, ಅಂಗಡಿಯವನ ಪಾಲಿಲ್ಲ. ಕ್ರಮೇಣ ಊಟದ ಮನೆ, ಉಳಿಯುವ ಕೋಣೆಗಳು ಬಂದವು. 2008ರಿಂದ ಸುಲಾಫೆಸ್ಟ್ ಎಂಬ ಸಂಗೀತ ಉತ್ಸವವೂ ಸೇರಿತು. ಈಗ ವರ್ಷಕ್ಕೆ ಲಕ್ಷಗಟ್ಟಲೆ ಜನ ಬರುವ ಆ ಜಾಗದಲ್ಲಿ ಶನಿವಾರ ಸಂಜೆ ಪಾಠಕ್ಕಿಂತ ಜಾತ್ರೆಯೇ ಹೆಚ್ಚು. ಕಲಿಯಬೇಕೆಂದು ಹೋಗುವವರು ವಾರದ ನಡುವೆ ಬೆಳಿಗ್ಗೆ ಹೋಗುವುದು ಲೇಸು.

ವಿಜಯಪುರದವರು: ಹೋಗುವ ದಾರಿ?

ಮುಂಬಯಿಯವರು: ರೈಲಿನಲ್ಲಾದರೆ ಸಿಎಸ್‌ಎಂಟಿಯಿಂದ ಬೆಳಗಿನ ತಪೋವನ್ ಎಕ್ಸ್‌ಪ್ರೆಸ್, ಅಥವಾ 2023ರ ಫೆಬ್ರವರಿಯಲ್ಲಿ ಶುರುವಾದ ಶಿರಡಿಯ ವಂದೇ ಭಾರತ್. ಎರಡೂ ದಾದರ್, ಠಾಣೆಯಲ್ಲಿ ನಿಂತು ನಾಸಿಕ್ ರೋಡಿಗೆ ಹೋಗುತ್ತವೆ. ಕಾಸು ಉಳಿಸುವವರು ಮಧ್ಯ ರೈಲ್ವೆಯ ಲೋಕಲ್ ಹಿಡಿದು ಆ ಮಾರ್ಗದ ಕೊನೆಯ ಸ್ಟೇಷನ್ ಕಸಾರಾಕ್ಕೆ ಹೋಗಿ, ಅಲ್ಲಿಂದ ಶೇರ್ ಟ್ಯಾಕ್ಸಿಯಲ್ಲಿ ಘಾಟಿ ಹತ್ತುತ್ತಾರೆ. ರಸ್ತೆಯಲ್ಲಾದರೆ ಭಿವಂಡಿ ಹತ್ತಿರದ ಆಮನೆಯಿಂದ ಇಗತ್ಪುರಿಯವರೆಗಿನ ಸಮೃದ್ಧಿ ಮಹಾಮಾರ್ಗದ ಕೊನೆಯ ತುಂಡು 2025ರ ಜೂನಿನಲ್ಲಿ ತೆರೆದ ಮೇಲೆ ಕಸಾರಾದ ತಿರುವುಗಳನ್ನು ತಪ್ಪಿಸಬಹುದು. ಅದೇ ರಸ್ತೆಯಲ್ಲಿ ತ್ರ್ಯಂಬಕೇಶ್ವರ, ಪಂಚವಟಿ, ಶಿರಡಿಯ ಯಾತ್ರಿಕರೂ ಹೋಗುತ್ತಾರೆ. ಬೆಳಿಗ್ಗೆ ತ್ರ್ಯಂಬಕದಲ್ಲಿ ಅಭಿಷೇಕ ಮುಗಿಸಿ ಮಧ್ಯಾಹ್ನ ವೈನರಿಯಲ್ಲಿ ಊಟಕ್ಕೆ ಕೂತ ಕುಟುಂಬಗಳು ಅಪರೂಪವಲ್ಲ ಮಾರಾಯ್ರೇ, ಅಜ್ಜಿ ಮಾತ್ರ ಕಾರಲ್ಲೇ ಕೂತಿರುತ್ತಾರೆ.

ವಿಜಯಪುರದವರು: ಯಾವ ತಿಂಗಳು ಎಂಬುದು ಅದಕ್ಕಿಂತ ಮುಖ್ಯ. ಯುರೋಪಿನಲ್ಲಿ ಬಳ್ಳಿ ಚಳಿಗಾಲಕ್ಕೆ ಎಲೆ ಉದುರಿಸಿ ಮಲಗುತ್ತದೆ, ಆಗಸ್ಟಿನಿಂದ ಅಕ್ಟೋಬರಿನೊಳಗೆ ಕೊಯ್ಲು. ದಖ್ಖನದಲ್ಲಿ ಬಳ್ಳಿಗೆ ನಿದ್ದೆಯಿಲ್ಲ. ಬಿಟ್ಟರೆ ವರ್ಷವಿಡೀ ಬೆಳೆಯುತ್ತದೆ. ಅದಕ್ಕೇ ಎರಡು ಸಲ ಚಾಟ್ನಿ. ಏಪ್ರಿಲಿನಲ್ಲಿ ಒಮ್ಮೆ ಬೋಳಾಗಿ ಸವರಿ ಹೊಸ ಕಡ್ಡಿ ಬರಿಸುತ್ತಾರೆ. ಮಳೆ ಹಿಂದೆ ಸರಿದ ಮೇಲೆ, ಸೆಪ್ಟೆಂಬರ್–ಅಕ್ಟೋಬರಿನಲ್ಲಿ, ಆ ಕಡ್ಡಿಯನ್ನು ಸವರಿ ಹೂಗೊಂಚಲು ತರಿಸುತ್ತಾರೆ. ಕೊಯ್ಲು ಜನವರಿಯಿಂದ ಮಾರ್ಚಿನವರೆಗೆ. ಜೂನ್–ಜುಲೈಯಲ್ಲಿ ಹೋದವರಿಗೆ ಹಸಿರು ಗುಡ್ಡ, ತುಂಬಿದ ಹಿನ್ನೀರು, ಎಲೆ ತುಂಬಿದ ಸಾಲುಗಳು ಸಿಗುತ್ತವೆ, ಹಣ್ಣು ಇರುವುದಿಲ್ಲ. ಮೇ ತಿಂಗಳಲ್ಲಿ ಹೋದರೆ ಚಿಗುರು ಮಾತ್ರ. ವೈನರಿಯೊಳಗೆ ಯಂತ್ರಗಳು ತಿರುಗುವುದನ್ನು ನೋಡಬೇಕಾದರೆ ಫೆಬ್ರವರಿಯೇ ಸರಿ.

ಮುಂಬಯಿಯವರು: ಆ ತಿಂಗಳಲ್ಲಿ ಪ್ರವಾಸಿಗರಿಗೆ ದ್ರಾಕ್ಷಿ ತುಳಿಯುವ ಆಟವೂ ಇರುತ್ತದೆ.

ವಿಜಯಪುರದವರು: ಆಟವೆಂದೇ ನೋಡಬೇಕು. ನಿಜವಾದ ಕೊಯ್ಲು ಬೆಳಕು ಹರಿಯುವ ಹೊತ್ತಿಗೆ ನಡೆದಿರುತ್ತದೆ, ಹಣ್ಣು ಬಿಸಿಯೇರಿದರೆ ಕ್ರೇಟಿನಲ್ಲೇ ಹುದುಗಲು ಶುರುವಾಗುತ್ತದೆ ಎಂಬ ಭಯಕ್ಕೆ. ಪ್ರವಾಸಿ ಎದ್ದು ತಿಂಡಿ ತಿನ್ನುವ ಹೊತ್ತಿಗೆ ಟ್ರ್ಯಾಕ್ಟರು ಖಾಲಿ.

ಮುಂಬಯಿಯವರು: ಸುತ್ತಾಟ ಶುರುವಾಗುವುದೂ ಹಣ್ಣು ಇಳಿಸುವ ಆ ಕಟ್ಟೆಯಿಂದಲೇ. ಯಂತ್ರವೊಂದು ಗೊಂಚಲಿನ ಕಾಂಡ ಬಿಡಿಸುತ್ತದೆ. ಬಿಳಿ ವೈನಿಗಾದರೆ ಹಣ್ಣನ್ನು ಗಾಳಿಚೀಲದ ಒತ್ತುಯಂತ್ರದಲ್ಲಿ ಮೆತ್ತಗೆ ಹಿಂಡಿ ರಸ ಮಾತ್ರ ತೆಗೆದುಕೊಳ್ಳುತ್ತಾರೆ. ಕೆಂಪು ವೈನಿಗೆ ಸಿಪ್ಪೆ, ಬೀಜ ಸಮೇತ ಟ್ಯಾಂಕಿಗೆ. ಬಣ್ಣವೂ ಒಗರೂ ಇರುವುದು ಸಿಪ್ಪೆಯಲ್ಲಿ. ಅದೇ ಹಣ್ಣಿನ ಸಿಪ್ಪೆಯನ್ನು ಕೆಲವೇ ಗಂಟೆ ರಸದಲ್ಲಿಟ್ಟು ತೆಗೆದರೆ ಗುಲಾಬಿ ಬಣ್ಣದ ರೋಸೆ. ಸ್ಟೀಲ್ ಟ್ಯಾಂಕಿನ ಸುತ್ತ ತಂಪು ದ್ರವ ಹರಿಯುವ ಕವಚವಿರುತ್ತದೆ. ನಾಸಿಕದಂಥ ಕಡೆ ಅದಿಲ್ಲದೆ ಒಳ್ಳೆಯ ಬಿಳಿ ವೈನ್ ಆಗದು. ಯೀಸ್ಟ್ ಸಕ್ಕರೆ ತಿಂದು ಮದ್ಯಸಾರ ಮಾಡುವಾಗ ಶಾಖ ಹುಟ್ಟುತ್ತದೆ, ಕಾವು ಏರಿದರೆ ಹಣ್ಣಿನ ಘಮ ಹಾರಿಹೋಗುತ್ತದೆ. ಬಿಳಿಯದನ್ನು 12ರಿಂದ 18 ಡಿಗ್ರಿಯಲ್ಲಿ ನಿಧಾನವಾಗಿ ಹುದುಗಿಸುತ್ತಾರೆ, ಕೆಂಪಿಗೆ ಇನ್ನಷ್ಟು ಬಿಸಿ ನಡೆಯುತ್ತದೆ.

ವಿಜಯಪುರದವರು: ಮರದ ಪೀಪಾಯಿ ಎಲ್ಲಕ್ಕೂ ಇದೆಯೇ?

ಮುಂಬಯಿಯವರು: ಇಲ್ಲ. ಫೋಟೋ ತೆಗೆಸಿಕೊಳ್ಳಲು ಎಲ್ಲರೂ ನಿಲ್ಲುವುದು ಅಲ್ಲಿ, ನಿಜ. 225 ಲೀಟರಿನ ಓಕ್ ಪೀಪಾಯಿ ಹೊರದೇಶದಿಂದ ಬರಬೇಕು, ದುಬಾರಿ, ಕೆಲವು ಸಲ ಬಳಸಿದ ಮೇಲೆ ಅದರ ಸಾರವೂ ತೀರುತ್ತದೆ. ಹೀಗಾಗಿ ಮೇಲ್ದರ್ಜೆಯ ಕೆಂಪು ವೈನುಗಳೂ ಕೆಲವು ಬಿಳಿ ವೈನುಗಳೂ ಮಾತ್ರ ತಿಂಗಳುಗಟ್ಟಲೆ ಅದರಲ್ಲಿರುತ್ತವೆ. ಉಳಿದವು ಟ್ಯಾಂಕಿನಿಂದ ನೇರ ಬಾಟಲಿಗೆ. ನೊರೆಗುಳ್ಳೆಯ ವೈನಿನದು ಬೇರೆಯೇ ದಾರಿ. ಸಾಂಪ್ರದಾಯಿಕ ಕ್ರಮದಲ್ಲಿ ಬಾಟಲಿಯೊಳಗೇ ಎರಡನೆಯ ಸಲ ಹುದುಗಿಸಿ, ಹುಟ್ಟಿದ ಅನಿಲವನ್ನು ಅಲ್ಲೇ ಹಿಡಿದಿಡುತ್ತಾರೆ. ದಿಂಡೋರಿಯಲ್ಲಿ ಫ್ರಾನ್ಸಿನ ಮೊಯೆಟ್ ಹೆನೆಸಿಯವರು 2013ರಿಂದ ಭಾರತದ ಮಾರುಕಟ್ಟೆಗೆ ತಂದ ಶಾಂಡೊನ್ ಈ ಬಗೆಯದು.

ವಿಜಯಪುರದವರು: ಇನ್ನು ಮೇಜಿನ ಬಳಿ.

ಮುಂಬಯಿಯವರು: ಸುರಿಯುವುದಕ್ಕೆ ಕ್ರಮವಿದೆ. ಮೊದಲು ಗುಳ್ಳೆಯದು, ಆಮೇಲೆ ಸಿಹಿಯಿಲ್ಲದ ಬಿಳಿ, ರೋಸೆ, ಕೆಂಪು, ಕೊನೆಗೆ ಸಿಹಿ. ಕೆಂಪಿನ ಒಗರು ನಾಲಿಗೆಗೆ ಹತ್ತಿದ ಮೇಲೆ ಬಿಳಿಯದರ ಸೂಕ್ಷ್ಮ ತಿಳಿಯುವುದಿಲ್ಲ, ಸಿಹಿ ಮುಂದಾದರೆ ಉಳಿದದ್ದೆಲ್ಲ ಹುಳಿ. ಗ್ಲಾಸನ್ನು ಕಾಂಡದಲ್ಲಿ ಹಿಡಿಯುವುದು ಶೋಕಿಗಲ್ಲ, ಅಂಗೈಯ ಬಿಸಿ ತಾಗದಿರಲಿ ಎಂದು. ಬಣ್ಣ ನೋಡಿ, ಗ್ಲಾಸನ್ನು ಒಮ್ಮೆ ಸುತ್ತಿಸಿ, ಮೂಗು ಒಳಗಿಟ್ಟು ಮೂಸಬೇಕು. ರುಚಿಯೆಂದುಕೊಳ್ಳುವುದರಲ್ಲಿ ದೊಡ್ಡ ಪಾಲು ಮೂಗಿನದೇ. ನೆಗಡಿ ಬಂದ ದಿನ ಸಾರು ಸಪ್ಪೆಯಾಗುವುದು ಇದಕ್ಕೇ. ಆಮೇಲೆ ಒಂದು ಗುಟುಕು, ಬಾಯಿಯೆಲ್ಲ ಓಡಾಡಿಸಿ.

ವಿಜಯಪುರದವರು: ಚೆರ್ರಿ, ಬ್ಲ್ಯಾಕ್‌ಕರೆಂಟ್, ಗೂಸ್‌ಬೆರಿ ಅಂತ ಹೇಳುತ್ತಾರಲ್ಲರೀ, ಆ ಹಣ್ಣುಗಳನ್ನು ಕಂಡವರೇ ಇಲ್ಲ.

ಮುಂಬಯಿಯವರು: ಅದು ಹೊರಗಿನ ಪುಸ್ತಕದಿಂದ ಬಂದ ಪಟ್ಟಿ. ಒಳ್ಳೆಯ ಸಿಬ್ಬಂದಿ ಅದನ್ನು ಬದಿಗಿಡುತ್ತಾರೆ. ಸುವಿನ್ಯೋನ್ ಬ್ಲಾಂಕ್‌ನಲ್ಲಿ ಕೊಯ್ದ ಹುಲ್ಲು, ಹಸಿ ದೊಣ್ಣೆಮೆಣಸಿನಕಾಯಿ, ಕೆಲವೊಮ್ಮೆ ಪೇರಳೆಹಣ್ಣು ಸಿಗುತ್ತದೆ. ಶಿರಾಜ್‌ನಲ್ಲಿ ಕರಿಮೆಣಸಿನ ಘಾಟು, ಅದಕ್ಕೆ ಕಾರಣವಾದ ರಾಸಾಯನಿಕವೂ ಮೆಣಸಿನಲ್ಲಿರುವುದೇ. ಕ್ಯಾಬರ್ನೆ ಸುವಿನ್ಯೋನ್‌ನ ಒಗರನ್ನು ನೇರಳೆಹಣ್ಣು ತಿಂದ ನಾಲಿಗೆ ಕೂಡಲೇ ಗುರುತಿಸುತ್ತದೆ. ಕನ್ನಡದವರಿಗೆ ಹುಳಿ, ಒಗರು, ಕಹಿ, ಘಾಟು ಬೇರೆ ಬೇರೆಯಾಗಿ ಮೊದಲೇ ಗೊತ್ತು. ಅಡಿಕೆ, ಮಾವಿನಮಿಡಿ, ಪುನರ್ಪುಳಿ ತಿಂದು ಬೆಳೆದವರಿಗೆ ಒಗರೆಂದರೇನು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ವಿಜಯಪುರದವರು: ಬಕೆಟ್ಟೊಂದು ಇಟ್ಟಿರುತ್ತಾರಂತೆ.

ಮುಂಬಯಿಯವರು: ಉಗುಳುವುದಕ್ಕೂ ಗ್ಲಾಸಿನಲ್ಲಿ ಉಳಿದದ್ದನ್ನು ಚೆಲ್ಲುವುದಕ್ಕೂ. ವೃತ್ತಿಯವರು ನಾಚಿಕೆಯಿಲ್ಲದೆ ಬಳಸುತ್ತಾರೆ, ಕಾಸು ಕೊಟ್ಟವರು ಮುಟ್ಟುವುದಿಲ್ಲ. ಲೆಕ್ಕ ಹಾಕಿ ನೋಡಬೇಕು. 30 ಮಿಲಿಲೀಟರಿನಂತೆ ಐದು ಸುರಿತವೆಂದರೆ 150 ಮಿಲಿಲೀಟರ್, ಊಟದ ಮೇಜಿನ ಒಂದು ಪೂರ್ತಿ ಗ್ಲಾಸು. ನೂರಕ್ಕೆ 12ರಷ್ಟು ಮದ್ಯಸಾರವಿದ್ದರೆ ಸುಮಾರು 14 ಗ್ರಾಂ ಹೊಟ್ಟೆಗೆ ಹೋಯಿತು. ಒಂದೇ ದಿನ ಮೂರು ವೈನರಿ ಸುತ್ತಿದರೆ ಅದರ ಮೂರರಷ್ಟು. ಮೋಟಾರು ವಾಹನ ಕಾಯ್ದೆಯ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ. ಮೊದಲ ತಪ್ಪಿಗೇ ಆರು ತಿಂಗಳವರೆಗೆ ಸೆರೆ, ಅಥವಾ 10,000 ರೂಪಾಯಿ ದಂಡ, ಅಥವಾ ಎರಡೂ. ವೈನರಿಗಳು ಊರಾಚೆ ಇವೆ, ಸಂಜೆ ಮೇಲೆ ರಿಕ್ಷಾ ಸಿಗುವುದು ಕಷ್ಟ. ಆದ್ದರಿಂದ ದಿನದ ಬಾಡಿಗೆಗೆ ಗಾಡಿ ಮಾಡಿಕೊಳ್ಳಬೇಕು, ಇಲ್ಲವೇ ಅಲ್ಲೇ ಉಳಿಯಬೇಕು. ಮಹಾರಾಷ್ಟ್ರದಲ್ಲಿ ವೈನಿಗೆ ವಯಸ್ಸಿನ ಮಿತಿ 21. ಮಕ್ಕಳನ್ನು ಕರೆದೊಯ್ದವರು ಅವರಿಗೆ ದ್ರಾಕ್ಷಿರಸ ಕೊಡಿಸಬೇಕಷ್ಟೆ. ಗಾಂಧಿ ಜಯಂತಿ, ಚುನಾವಣೆಯಂಥ ಡ್ರೈ ಡೇಗಳಲ್ಲಿ ಸುರಿಯುವುದಿಲ್ಲ, ಮಾರುವುದಿಲ್ಲ.

ವಿಜಯಪುರದವರು: ಈ ಕಾನೂನೆಲ್ಲ ಹಳೆಯ ಪಾನನಿರೋಧದ ಬಾಲವೇ?

ಮುಂಬಯಿಯವರು: ಹೌದು. 1949ರ ಬಾಂಬೆ ಪ್ರೊಹಿಬಿಷನ್ ಕಾಯ್ದೆ. 1960ರ ಮೇ 1ರಂದು ಮುಂಬಯಿ ರಾಜ್ಯ ಎರಡಾದಾಗ ಎರಡೂ ರಾಜ್ಯಗಳಿಗೆ ಇದೇ ಕಾಯ್ದೆ ಬಳುವಳಿಯಾಗಿ ಸಿಕ್ಕಿತು. ಗುಜರಾತು ಅದನ್ನಿಟ್ಟುಕೊಂಡು ಒಣ ರಾಜ್ಯವಾಗಿಯೇ ಉಳಿಯಿತು. ಮಹಾರಾಷ್ಟ್ರ ಪರ್ಮಿಟ್ಟಿನ ಕಿಂಡಿ ತೆರೆಯಿತು. ಮುಂಬಯಿಯ ಶೆಟ್ಟರ ಹೋಟೆಲುಗಳ ಒಳಗೆ ಇವತ್ತಿಗೂ ತೂಗುವ ‘ಪರ್ಮಿಟ್ ರೂಮ್’ ಫಲಕ ಅದರ ಗುರುತು. ಅಂಥ ರಾಜ್ಯದಲ್ಲಿ 2022ರ ಜನವರಿಯಲ್ಲಿ ಸೂಪರ್ ಮಾರ್ಕೆಟ್ಟುಗಳಲ್ಲೂ ವೈನ್ ಮಾರಲು ಬಿಡುವ ತೀರ್ಮಾನವನ್ನು ಮಂತ್ರಿಮಂಡಲ ಮಾಡಿತು. ದ್ರಾಕ್ಷಿ ರೈತರಿಗೆ ಅನುಕೂಲವೆಂಬುದು ವಾದ. ಅಣ್ಣಾ ಹಜಾರೆ ಮೊದಲ್ಗೊಂಡು ವಿರೋಧ ಬಂತು, ಸರ್ಕಾರ ಬದಲಾಯಿತು, ತೀರ್ಮಾನ ಜಾರಿಯಾಗಲಿಲ್ಲ.

ವಿಜಯಪುರದವರು: ರೈತನ ಹೆಸರು ಮುಂದೆ, ರೈತ ಹಿಂದೆ. ಟೇಸ್ಟಿಂಗ್ ರೂಮಿನ ಮೇಲಿನ ದೂರೂ ಅದೇ. ಬಾಟಲಿಯ ಹಣ್ಣೆಲ್ಲ ವೈನರಿಯ ಸ್ವಂತ ತೋಟದ್ದಲ್ಲ, ದೊಡ್ಡ ಪಾಲು ದೀರ್ಘಾವಧಿ ಕರಾರಿನ ಮೇಲೆ ಸುತ್ತಲ ರೈತರು ಬೆಳೆದದ್ದು. ಒಂದು ಬಾಟಲಿಗೆ ಒಂದು ಕಿಲೋಗಿಂತ ಸ್ವಲ್ಪ ಹೆಚ್ಚು ಹಣ್ಣು ಬೇಕು. ವೈನಿನ ತಳಿ ಸಣ್ಣ ಕಾಳು, ದಪ್ಪ ಸಿಪ್ಪೆ, ಬೀಜ ತುಂಬಿದ್ದು. ಸತ್ವ ಗಟ್ಟಿಯಾಗಲೆಂದು ಇಳುವರಿಯನ್ನು ಬೇಕೆಂದೇ ಕಡಿಮೆ ಇಡಿಸುತ್ತಾರೆ. ವೈನರಿ ಬೇಡವೆಂದರೆ ಅದನ್ನು ಪೇಟೆಯಲ್ಲಿ ತಿನ್ನಲು ಕೊಳ್ಳುವವರಿಲ್ಲ. ಇಂಡೇಜ್ 2010ರ ಸುಮಾರಿಗೆ ಮುಳುಗಿದಾಗ ಈ ಬೆಳೆಯ ಅಪಾಯ ಎಷ್ಟೆಂದು ಇಡೀ ಸೀಮೆಗೆ ಗೊತ್ತಾಯಿತು. ಸುತ್ತಾಟದಲ್ಲಿ ಪೀಪಾಯಿ ತೋರಿಸುವವರು ಇದನ್ನೂ ಹೇಳಬೇಕು.

ಮುಂಬಯಿಯವರು: ಕೇಳಿದರೆ ಹೇಳುತ್ತಾರೆ, ಕೇಳುವವರು ಕಡಿಮೆ. ಕರಾರಿನಿಂದ ರೈತನಿಗೆ ಬೆಲೆ ಮೊದಲೇ ತಿಳಿದಿರುತ್ತದೆ ಎಂಬುದೂ ಸುಳ್ಳಲ್ಲ. ತಿನ್ನುವ ದ್ರಾಕ್ಷಿಯ ಪೇಟೆಯಲ್ಲಿ ಅಕಾಲ ಮಳೆ ಬಿದ್ದ ಮರುದಿನ ಬೆಲೆ ಏನಾಗುತ್ತದೆಂದು ವಿಜಯಪುರದವರಿಗೆ ಬೇರೆಯವರು ಹೇಳಬೇಕಾಗಿಲ್ಲ.

ವಿಜಯಪುರದವರು: ಅದು ಖರೆ.

ಮುಂಬಯಿಯವರು: ಸುಲಾದ ಗದ್ದಲ ಬೇಡವೆನ್ನುವವರಿಗೆ ಬೇರೆ ಜಾಗಗಳಿವೆ. ಗಂಗಾಪುರ ಹಿನ್ನೀರಿನ ಅದೇ ಬದಿಯಲ್ಲಿ ಯಾರ್ಕ್ ಇದೆ, ಚಿಕ್ಕದು, 2021ರಿಂದ ಅದೂ ಸುಲಾದ್ದೇ. ಹತ್ತಿರದಲ್ಲೇ ಸೋಮಾ. ಮುಂಬಯಿಯಿಂದ ಬರುವಾಗ ನಾಸಿಕ್ ಮುಟ್ಟುವ ಮೊದಲೇ ಇಗತ್ಪುರಿ ತಾಲ್ಲೂಕಿನ ಕಾವನಯಿಯಲ್ಲಿ ವಲೋನೆ, ಸಂಜೇಗಾಂವ್‌ನಲ್ಲಿ ಗ್ರೋವರ್ ಜಂಪಾ. ಈ ಎರಡನೆಯದು ದೊಡ್ಡಬಳ್ಳಾಪುರದ ಗ್ರೋವರ್ ಕಂಪನಿ 2012ರಲ್ಲಿ ನಾಸಿಕದ ವೈನರಿಯೊಂದಿಗೆ ಕೂಡಿ ಆದದ್ದು. ಒಂದು ರಾಜ್ಯದ ವೈನ್ ಇನ್ನೊಂದು ರಾಜ್ಯಕ್ಕೆ ಹೋದರೆ ಹೊರಗಿನ ಸರಕಿನಂತೆ ಸುಂಕ ಬೀಳುತ್ತದೆ. ಎರಡೂ ಕಡೆ ಕಾಲೂರಿದರೆ ಆ ಹೊರೆ ತಗ್ಗುತ್ತದೆ. ಇದೇ ಲೆಕ್ಕದಲ್ಲಿ ಸುಲಾ ಕೂಡ ಕರ್ನಾಟಕಕ್ಕೆ ಬಂದು ಚನ್ನಪಟ್ಟಣದ ವೈನರಿಯನ್ನು ವಹಿಸಿಕೊಂಡಿತು. ಬೆಂಗಳೂರು–ಮೈಸೂರು ರಸ್ತೆಯವರಿಗೆ ಅಲ್ಲೇ ಟೇಸ್ಟಿಂಗ್ ರೂಮ್ ಉಂಟು.

ವಿಜಯಪುರದವರು: ವಿಜಯಪುರಕ್ಕೆ ಹತ್ತಿರದ್ದು ಸೋಲಾಪುರ ಜಿಲ್ಲೆಯ ಅಕ್ಲೂಜ್. ಇಟಲಿಯ ಸಹೋದರರ ಪಾಲುದಾರಿಕೆಯ ಫ್ರಾಟೆಲ್ಲಿ. ಭೀಮೆಯ ಬಯಲು ಸೀಮೆ, ಬಿಸಿಲು ಬಲು ಜೋರು, ಆದರೂ ಕೆಂಪು ವೈನಿಗೆ ಒಳ್ಳೆಯ ಹೆಸರು ಪಡೆದಿದೆ. ಕನ್ನಡ ನಾಡಿನೊಳಗೆ ಕೊಪ್ಪಳ ಜಿಲ್ಲೆಯ ಬಂಡೆಗಳ ನಡುವೆ ಕೃಷ್ಮಾ ಇದೆ, ಹಂಪಿಗೆ ಹೋದವರು ವಿಚಾರಿಸಬಹುದು.

ಮುಂಬಯಿಯವರು: ಮುಂಬಯಿಯಿಂದ ಘಾಟಿ ಹತ್ತದೆ ಹೋಗಬಹುದಾದ್ದೂ ಒಂದಿದೆ, ದ್ರಾಕ್ಷಿಯದಲ್ಲ. ಪಶ್ಚಿಮ ರೈಲ್ವೆಯ ಲೋಕಲ್ ಈಗ ಡಹಾಣು ರೋಡಿನವರೆಗೆ ಹೋಗುತ್ತದೆ. ಅಲ್ಲಿಂದ ಮುಂದೆ ಘೋಲ್ವಡ್, ಬೋರ್ಡಿ. ಚಿಕ್ಕು ತೋಟಗಳ ಸೀಮೆ, ಅಲ್ಲಿಯ ಚಿಕ್ಕುವಿಗೆ ಭೌಗೋಳಿಕ ಗುರುತೂ ಸಿಕ್ಕಿದೆ. ಚಿಕ್ಕು ಎರಡೇ ದಿನಕ್ಕೆ ಮೆತ್ತಗಾಗುವ ಹಣ್ಣು. ಅದನ್ನು ಹುದುಗಿಸಿ ವೈನ್ ಮಾಡುವ ಚಿಕ್ಕ ವೈನರಿಯೊಂದು ಬೋರ್ಡಿಯಲ್ಲಿದೆ. ಗುಜರಾತಿನ ಗಡಿ ಅಲ್ಲಿಂದ ಕೂಗಳತೆ. ಬಾಟಲಿ ಹಿಡಿದು ಉತ್ತರಕ್ಕೆ ತಿರುಗದಿದ್ದರೆ ಕ್ಷೇಮ.

ವಿಜಯಪುರದವರು: ಕೊಂಡು ತಂದದ್ದನ್ನು ಮುಂಬಯಿಯ ಸೆಕೆಯಲ್ಲಿ ಇಡುವುದು ಹೇಗೆ?

ಮುಂಬಯಿಯವರು: ಮೊದಲನೆಯದಾಗಿ ಕಾರಿನ ಡಿಕ್ಕಿಯಲ್ಲಿ ಮಧ್ಯಾಹ್ನವಿಡೀ ಬಿಡಬಾರದು, ಅಲ್ಲೇ ವೈನ್ ಬೆಂದುಹೋಗುತ್ತದೆ. ಮನೆಯಲ್ಲಿ ಅಡುಗೆಮನೆಯ ಮೇಲಿನ ಅಟ್ಟವೂ ಬೇಡ. ಬೆಳಕು ಬೀಳದ ಕಪಾಟಿನ ಕೆಳಗಿನ ಅರೆ ಕೆಲವು ವಾರಕ್ಕೆ ಸಾಕು, ಅದಕ್ಕೂ ಹೆಚ್ಚು ಇಡುವುದಾದರೆ ಫ್ರಿಜ್ಜಿನ ತರಕಾರಿ ಡಬ್ಬಿಯೇ ವಾಸಿ. ತಿರುಗಿಸುವ ಮುಚ್ಚಳದ್ದು ನೆಟ್ಟಗೆ ನಿಲ್ಲಲಿ. ಕಾರ್ಕ್ ಇದ್ದದ್ದು ಮಲಗಿರಬೇಕು, ಒಣಗಿದ ಕಾರ್ಕಿನಿಂದ ಗಾಳಿ ನುಗ್ಗುತ್ತದೆ. ನಮ್ಮಲ್ಲಿ ಮಾರುವ ಹೆಚ್ಚಿನ ವೈನುಗಳು ವರ್ಷ ಎರಡು ವರ್ಷದೊಳಗೆ ಕುಡಿಯಲೆಂದೇ ಮಾಡಿದವು, ಮೊಮ್ಮಕ್ಕಳ ಮದುವೆಗೆಂದು ಎತ್ತಿಡುವವಲ್ಲ. ಬಿಳಿಯದನ್ನು 8ರಿಂದ 12 ಡಿಗ್ರಿ ತಂಪಿನಲ್ಲಿ ಸುರಿಯಬೇಕು. ಕೆಂಪನ್ನು ಕೋಣೆಯ ಉಷ್ಣತೆಯಲ್ಲಿ ಎಂದು ಪುಸ್ತಕಗಳು ಹೇಳುವುದು ಯುರೋಪಿನ ಕೋಣೆಯ ಮಾತು, 16ರಿಂದ 18 ಡಿಗ್ರಿ. ಘಾಟ್ಕೋಪರಿನ ಕೋಣೆಯಲ್ಲಿ ಮೇ ತಿಂಗಳ 33 ಡಿಗ್ರಿಗೆ ಅದು ಬರೀ ಮದ್ಯಸಾರದ ಘಾಟು. ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ತೆಗೆಯಬೇಕು. ತೆರೆದು ಉಳಿದದ್ದು ಮುಚ್ಚಿ ಫ್ರಿಜ್ಜಿನಲ್ಲಿಟ್ಟರೆ ಮೂರು ನಾಲ್ಕು ದಿನ ಬರುತ್ತದೆ. ಗುಳ್ಳೆಯದು ಮರುದಿನಕ್ಕೇ ಸತ್ತಿರುತ್ತದೆ.